ವಸ್ತಿ ಬಸ್ಸು ಬರುವ ಹೊತ್ತು

ನಮ್ಮ ಊರು ದೇವಣಗಾಂವದ ಹತ್ತಿರ, ದೊಡ್ಡ ರಸ್ತೆಯಿಂದ ಸ್ವಲ್ಪ ಒಳಗೆ. ದಿನದ ಕೊನೆಯ ಬಸ್ಸು ಕತ್ತಲಾಗುವ ಹೊತ್ತಿಗೆ ಸಿಂದಗಿಯಿಂದ ಬರುತ್ತದೆ. ರಾತ್ರಿ ಇಲ್ಲೇ ನಿಂತು ಬೆಳಿಗ್ಗೆ ಶಾಲೆಯ ಮಕ್ಕಳನ್ನೂ ಸಂತೆಗೆ ಹೋಗುವವರನ್ನೂ ಹತ್ತಿಸಿಕೊಂಡು ಮರಳುತ್ತದೆ. ಅದಕ್ಕೆ ನಾವು ವಸ್ತಿ ಬಸ್ಸು ಅನ್ನುತ್ತೇವೆ. ಅದು ನಿಲ್ಲುವುದು ಸರಿಯಾಗಿ ನಮ್ಮ ಮನೆಯ ಕಟ್ಟೆಯ ಮುಂದೆ. ನಾನು ಈ ಊರಿನ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತೇನೆ. ಚಿಕ್ಕವಳಿದ್ದಾಗಿನಿಂದಲೂ ಆ ಬಸ್ಸಿನ ಬ್ರೇಕಿನ ಸಪ್ಪಳ ಕೇಳಿಯೇ ನಮ್ಮ ಮನೆಯಲ್ಲಿ ರಾತ್ರಿಯ ಒಲೆ ಹಚ್ಚುತ್ತಿದ್ದರು.

ಮನೆಯಲ್ಲಿರುವುದು ನಾನು ಮತ್ತು ನನ್ನ ಅಕ್ಕ. ಅಕ್ಕನನ್ನು ಬಸವನ ಬಾಗೇವಾಡಿ ಕಡೆ ಕೊಟ್ಟಿದ್ದರು. ಮದುವೆಯಾಗಿ ಕೆಲವು ವರ್ಷಗಳಾದ ಮೇಲೆ ಅವಳಿಗೆ ಗೋಡೆಯ ಆಚೆ ಜನ ತನ್ನ ಬಗ್ಗೆಯೇ ಮಾತಾಡುತ್ತಾರೆ ಅನ್ನಿಸತೊಡಗಿತು. ಅಡುಗೆ ಬಿಟ್ಟಳು, ನಿದ್ದೆ ಬಿಟ್ಟಳು, ಗೋಡೆಗೆ ಕಿವಿ ಹಚ್ಚಿ ಕೂತಳು. ಅತ್ತೆಯ ಮನೆಯವರು ಮೊದಲು ತಾಯತ ಕಟ್ಟಿಸಿದರು, ಆಮೇಲೆ ಊರೂರು ದೇವರಿಗೆ ಕರೆದೊಯ್ದರು, ಕಡೆಗೆ ಒಂದು ಮಧ್ಯಾಹ್ನ ಅವಳ ಟ್ರಂಕಿನ ಸಮೇತ ಇಲ್ಲಿ ಇಳಿಸಿ ಹೋದರು. ಅಪ್ಪ ತೀರಿಕೊಂಡರು, ಅವ್ವನೂ ಹೋದಳು. ನಾನು ಮದುವೆಯಾಗಲಿಲ್ಲ. ಅದಕ್ಕೆ ಅಕ್ಕನೇ ಕಾರಣ ಅಂತ ಊರಲ್ಲಿ ಮಾತಿದೆ. ಹಾಗೇನಿಲ್ಲ. ನನಗೆ ಮನಸ್ಸಾಗಲಿಲ್ಲ, ಅಷ್ಟೇ.

ಸಿಂದಗಿಯ ದೊಡ್ಡ ದವಾಖಾನೆಗೆ ತಿಂಗಳಿಗೊಮ್ಮೆ ವಿಜಯಪುರದಿಂದ ಮನಸ್ಸಿನ ಡಾಕ್ಟರು ಬರುತ್ತಾರೆ. ಅವರ ಗುಳಿಗೆ ತೆಗೆದುಕೊಂಡಷ್ಟು ದಿನ ಅಕ್ಕ ಚೆನ್ನಾಗಿರುತ್ತಿದ್ದಳು. ಚೆನ್ನಾದ ಕೂಡಲೇ ‘ಇನ್ನೇನು ಆರಾಮ ಆಗೇನಲ್ಲ’ ಅಂತ ಬಿಡುತ್ತಿದ್ದಳು. ಒತ್ತಾಯ ಮಾಡಿದರೆ ಬಾಯಲ್ಲಿ ಹಾಕಿಕೊಂಡು ಹಿತ್ತಲಿಗೆ ಹೋಗಿ ಉಗುಳಿ ಬರುತ್ತಿದ್ದಳು. ನಾನು ಹೇಳಿ ಹೇಳಿ ಸಾಕಾಗಿದ್ದೆ. ಈ ಕಥೆ ಶುರುವಾಗುವ ಹೊತ್ತಿಗೆ ಅವಳು ದಸರೆಯಿಂದ ಒಂದು ಗುಳಿಗೆಯನ್ನೂ ನುಂಗಿರಲಿಲ್ಲ. ನಮ್ಮ ಓಣಿಯ ಆಶಾ ಕಾರ್ಯಕರ್ತೆ ದವಾಖಾನೆಯಿಂದ ತಂದುಕೊಟ್ಟ ಗುಳಿಗೆಗಳು ಗೋಡೆಯ ಗೂಡಿನಲ್ಲಿ ಹಾಗೇ ಬಿದ್ದಿದ್ದವು.

ದೀಪಾವಳಿ ಮುಗಿದ ಮೇಲೆ ಒಂದು ಬೆಳಿಗ್ಗೆ, ಬಸ್ಸು ಹೊರಡುವ ಮುಂಚೆ, ಡ್ರೈವರ್ ಚಾಚಾ ನಮ್ಮ ಕಟ್ಟೆಗೆ ಬಂದರು. ನಿವೃತ್ತಿಗೆ ಹತ್ತಿರವಾದ ಮನುಷ್ಯ. ಎಷ್ಟೋ ವರ್ಷ ಇದೇ ಬಸ್ಸು ಓಡಿಸಿದವರು. ಅವರ ಅಪ್ಪ ಸಿಂದಗಿಯಲ್ಲಿ ಬಟ್ಟೆ ಮಾರುತ್ತಿದ್ದರು, ನಮ್ಮ ಅಪ್ಪನಿಗೆ ಪರಿಚಯ. ಚಪ್ಪಲಿ ಕೆಳಗೆ ಬಿಟ್ಟು, ಮೇಲೆ ಹತ್ತದೆ ನಿಂತೇ ಮಾತಾಡಿದರು.

“ಟೀಚರ, ಒಂದು ಮಾತು ಕೇಳೂದೈತ್ರಿ. ಬ್ಯಾಡ ಅನಸಿದ್ರ ಬ್ಯಾಡ ಅನ್ರಿ.”

“ಹೇಳ್ರಿ ಚಾಚಾ.”

“ನನ್ನ ಕಂಡಕ್ಟರ್ ಕುಡಿಯೂದು ಬಿಟ್ಟಾನ. ದವಾಖಾನಿಗೆ ಹೋಗಿ ಬಂದಾನ. ಸಿಂದಗಿಯೊಳಗ ಇರೂತನಕ ಏನೂ ಆಗಂಗಿಲ್ಲ, ಜನ ಇರ್ತಾರ, ಕೆಲಸ ಇರತೈತಿ. ಇಲ್ಲಿ ಬಂದ ಮ್ಯಾಲ ಊಟ ಮಾಡಿ ಮಲಗೂತನಕ ಒಂದು ಹೊತ್ತು ಐತಿ ನೋಡ್ರಿ, ಅದ ಕಠಿಣ. ಬಸ್ಸಿನ್ಯಾಗ ಇಬ್ಬರ ಕುಂತಿರ್ತೇವಿ. ನಾ ನಮಾಜ್‌ಕ ಹೋದ್ರ ಅವ ಒಬ್ಬನ. ಕಿರಾಣಿ ಅಂಗಡಿ ಹಿಂದ ಏನು ಸಿಗತೈತಿ ನಿಮಗ ಗೊತ್ತ ಐತಿ.”

ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು.

“ಅದಕ್ಕ ನಿಮ್ಮ ಕಟ್ಟಿ ಮ್ಯಾಲ ಕುಂತು ಬುತ್ತಿ ಉಣ್ತೇವಿ ಅಂತ. ಬ್ಯಾರೇ ಏನೂ ಬ್ಯಾಡ್ರಿ. ಮನಿ ಮುಂದ ದೀಪ ಇರಲಿ, ಮಂದಿ ಇರಲಿ, ಅಷ್ಟ.”

“ಅವರಿಗೆ ಗೊತ್ತೈತೇನ್ರಿ, ನೀವು ನನಗ ಹೇಳಿದ್ದು?”

“ಅವನ್ನ ಕೇಳೇ ಬಂದೇನಿ. ಕೇಳಲಾರದ ಹ್ಯಾಂಗ ಹೇಳಲಿ?”

ನನಗೆ ಅಂಜಿಕೆ ಇದ್ದದ್ದು ಕಂಡಕ್ಟರನದ್ದಲ್ಲ, ಅಕ್ಕನದು. ಹೊಸಬರು ಮನೆಯ ಹತ್ತಿರ ದನಿ ತಗ್ಗಿಸಿ ಮಾತಾಡಿದರೆ ಅವಳು ಎದ್ದು ಹೋಗಿ ಬೈಯುತ್ತಿದ್ದಳು. ಅದನ್ನು ಚಾಚಾನಿಗೆ ಹೇಳಿದೆ. ಅವರು, “ಹಂಗಾರ ಗಟ್ಟ್ಯಾಗಿ ಮಾತಾಡ್ತೇವಿ ಬಿಡ್ರಿ. ಬಸ್ಸಿನವರಿಗೆ ಅದೇನು ಕಲಿಸಬೇಕಾ?” ಅಂದು ನಕ್ಕು ಹೋದರು.

ಆ ಸಂಜೆ ಇಬ್ಬರೂ ಬಂದು ಕೂತರು. ಕಂಡಕ್ಟರ್ ನಲವತ್ತರ ಒಳಗಿನವ, ಹೊರ್ತಿ ಕಡೆಯವ, ಎತ್ತರದ ಆಳು. ಕುತ್ತಿಗೆಗೆ ಸುತ್ತಿದ ಟವೆಲನ್ನು ತೆಗೆದು ಮತ್ತೆ ಮತ್ತೆ ಮಡಚುತ್ತಿದ್ದ. ನಾನು ಬದನೆಕಾಯಿ ಪಲ್ಯ ಇಟ್ಟೆ. ಅವರು ಬುತ್ತಿ ಬಿಚ್ಚಿದರು. ಅಕ್ಕ ಬಾಗಿಲ ಹಿಂದೆ ನಿಂತು ನೋಡುತ್ತಿದ್ದುದು ನನಗೆ ಕಾಣುತ್ತಿತ್ತು.

ಊಟ ಮುಗಿಸಿ ಕಂಡಕ್ಟರ್ ಅಂಗಿಯ ಕಿಸೆಯಿಂದ ಗುಳಿಗೆಯ ಪಟ್ಟಿ ತೆಗೆದ. ಅಕ್ಕ ತಟ್ಟನೆ ಹೊರಗೆ ಬಂದಳು.

“ಏ ತಮ್ಮಾ, ಏನದು?”

“ಗುಳಿಗಿ ಅಕ್ಕಾ.”

“ಯಾತಕ್ಕ?”

ಚಾಚಾ ಏನೋ ಹೇಳಿ ಮಾತು ತಿರುಗಿಸಲು ನೋಡಿದರು. ಕಂಡಕ್ಟರ್ ಕೈಯಿಂದ ತಡೆದ. “ಕುಡೀಬೇಕು ಅನಸ್ತೈತಲ್ಲ, ಅದು ಕಡಿಮಿ ಆಗಲಿ ಅಂತ.”

“ಕುಡದ್ರ ಏನಾಗತೈತಿ?”

“ಏನೇನ ಆಗಬೇಕೋ ಎಲ್ಲಾ ಆಗೇತಿ ಅಕ್ಕಾ. ಹೆಂಡತಿ ಮಕ್ಕಳನ ಕರಕೊಂಡು ಮುದ್ದೇಬಿಹಾಳಕ ತವರಮನಿಗೆ ಹೋಗ್ಯಾಳ.”

ಅಕ್ಕ ಅವನನ್ನೇ ನೋಡುತ್ತ ನಿಂತಳು. ಆಮೇಲೆ ಒಳಗೆ ಹೋಗಿ, ಗೂಡಿನಿಂದ ತನ್ನ ಗುಳಿಗೆಗಳನ್ನು ತಂದು ಅವನ ಎದುರಿಗೆ ಇಟ್ಟಳು. “ನಂದೂ ಐತಿ,” ಅಂದಳು. ಚಂಬಿನ ನೀರು ಮೊದಲು ಅವನು ಕುಡಿದ, ಆಮೇಲೆ ಅವಳು. ಅವಳು ಉಗುಳಲು ಹಿತ್ತಲಿಗೆ ಹೋಗಲಿಲ್ಲ. ಅಲ್ಲೇ ಕೂತು ಚಾಚಾನಿಗೆ ಬಸ್ಸಿನ ಒಂದು ಲೈಟು ಯಾಕೆ ಮಂದ ಇದೆ ಅಂತ ಕೇಳಿದಳು.

ಮರುದಿನ ಆಶಾ ಕಾರ್ಯಕರ್ತೆಗೆ ಹೇಳಿದೆ. ಅವಳು ಫೋನಿನಲ್ಲಿ ಡಾಕ್ಟರನ್ನು ಕೇಳಿ, ಇಷ್ಟು ದಿನ ಬಿಟ್ಟದ್ದಕ್ಕೆ ಎಷ್ಟರಿಂದ ಶುರು ಮಾಡಬೇಕು ಅಂತ ತಿಳಿದುಕೊಂಡು ಬಂದಳು. ಅಂದಿನಿಂದ ಅದೇ ನಡೆಯಿತು. ಬಸ್ಸು ಬರಬೇಕು, ಊಟವಾಗಬೇಕು, ಇಬ್ಬರೂ ಗುಳಿಗೆ ನುಂಗಬೇಕು. ಅಕ್ಕ ದಿನಾ ಅವನನ್ನು ನೇರವಾಗಿ ಕೇಳುತ್ತಿದ್ದಳು, “ಇವತ್ತ ಕುಡದೀಯೇನು?” ನಾವ್ಯಾರೂ ಆ ಪ್ರಶ್ನೆಯನ್ನು ಬಾಯಿಗೆ ತರುತ್ತಿರಲಿಲ್ಲ. ಅವನಿಗೆ ಅದರಿಂದ ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ. ಒಮ್ಮೆ ನಾನು ಅಕ್ಕನ ಪ್ರಶ್ನೆಗೆ ಬೇಸರಪಡಬೇಡಿ ಅಂದಾಗ ಅವನು ಅಂದ, “ಬ್ಯಾರೇದವರು ನನ್ನ ಬಾಯಿ ಹತ್ರ ಮೂಗು ತಂದು ನೋಡ್ತಾರ್ರಿ ಟೀಚರ. ಅಕ್ಕ ಒಬ್ಬಾಕಿ ಕೇಳ್ತಾಳ.”

ಚಳಿಗಾಲ ಬಂತು. ತೊಗರಿ ಒಕ್ಕುವ ದಿನಗಳು. ಕಟ್ಟೆಯ ಮೇಲೆ ಜನ ಹೆಚ್ಚಾದರು. ಆಶಾ ಕಾರ್ಯಕರ್ತೆ ತನ್ನ ಕೆಲಸ ಮುಗಿಸಿ ಬಂದು ಕೂಡುತ್ತಿದ್ದಳು. ಪಕ್ಕದ ಮನೆಯ ಅಜ್ಜ ಬರುತ್ತಿದ್ದ. ಅವನಿಗೆ ಸಿಂದಗಿಯ ಸುದ್ದಿ ಬೇಕು. ಅಕ್ಕ ಬಸ್ಸಿನವರಿಗೆ ತಾನೇ ಬಿಸಿ ರೊಟ್ಟಿ ಬಡಿಯುತ್ತೇನೆ ಅಂತ ಒಲೆಯ ಮುಂದೆ ಕೂತಳು. ಎಷ್ಟೋ ವರ್ಷಗಳಾಗಿತ್ತು ಅವಳು ರೊಟ್ಟಿ ಬಡಿದು. ಮೊದಲೆರಡು ದಿನ ದಪ್ಪಗೆ, ಅಂಚು ಒಡೆದು ಬಂದವು. ಚಾಚಾ ತಿಂದು, “ಇದು ಇಬ್ಬರಿಗಾಗೂ ರೊಟ್ಟಿ ತಂಗೀ, ಅರ್ಧಕ್ಕ ಹೊಟ್ಟಿ ತುಂಬತು,” ಅಂದರು. ಮೂರನೆಯ ದಿನ ತೆಳ್ಳಗಾದವು.

ಚಾಚಾ ಕಿರಾಣಿ ಅಂಗಡಿಯವನ ಹತ್ತಿರವೂ ಹೋಗಿದ್ದರು. ಅವನು, “ನಾ ಮಾರಲಿಲ್ಲಂದ್ರ ಇನ್ನೊಬ್ಬ ಮಾರ್ತಾನ,” ಅಂದನಂತೆ. ಚಾಚಾ, “ಮಾರೂದು ಬಿಡೂದು ನಿನಗ ಬಿಟ್ಟದ್ದು. ಇವನೊಬ್ಬಗ ಕೊಡಬ್ಯಾಡ,” ಅಂದರು. ಅವನು, “ಆತು, ಇವಗ ಕೊಡಂಗಿಲ್ಲ,” ಅಂದ. ಅದು ಅರ್ಧ ಮಾತು ಅಂತ ನನಗೆ ಅನ್ನಿಸಿತು. ಆದರೆ ಅವನು ಕೊಟ್ಟ ಆ ಅರ್ಧ ಮಾತನ್ನು ಉಳಿಸಿಕೊಂಡ.

ಎಳ್ಳ ಅಮಾವಾಸ್ಯೆ ಬಂತು. ನಮ್ಮ ಕಡೆ ಅದು ಹೊಲದ ಹಬ್ಬ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿ ಪಲ್ಯ ಕಟ್ಟಿಕೊಂಡು ಜೋಳದ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಅಲ್ಲೇ ಎಲ್ಲರೂ ಕೂಡಿ ಊಟ ಮಾಡುವುದು. ಕಂಡಕ್ಟರ್ ಒಂದು ವಾರದಿಂದ ಅದೇ ಮಾತಾಡುತ್ತಿದ್ದ. ಹಬ್ಬಕ್ಕೆ ರಜೆ ಹಾಕಿದ್ದ, ಹೆಂಡತಿ ಮಕ್ಕಳು ಮುದ್ದೇಬಿಹಾಳದಿಂದ ಹೊರ್ತಿಗೆ ಬರುತ್ತಾರೆ ಅಂದುಕೊಂಡಿದ್ದ. ಬರುತ್ತೇನೆ ಅಂತ ಅವಳು ಹೇಳಿರಲಿಲ್ಲ. ನೋಡೋಣ ಅಂದಿದ್ದಳು.

ಹಬ್ಬದ ಮರುದಿನ ಸಂಜೆ ಬಸ್ಸು ಬಂತು. ಚಾಚಾ ಇಳಿದು ಕಟ್ಟೆಗೆ ಬಂದರು, ಕಂಡಕ್ಟರ್ ಬರಲಿಲ್ಲ. ಟಿಕೆಟ್ ಮಷೀನನ್ನು ಬಸ್ಸಿನಲ್ಲಿಟ್ಟು, ಈಗ ಬಂದೆ ಅಂತ ಹೋದನಂತೆ. ನಾವು ಕಾದೆವು. ರೊಟ್ಟಿ ಆರಿತು. ಬಹಳ ಹೊತ್ತಿನ ಮೇಲೆ ಬಂದು ಕಟ್ಟೆಯ ಅಂಚಿಗೆ ಕೂತ. ಕಿರಾಣಿ ಅಂಗಡಿಯವ ಕೊಟ್ಟಿರಲಿಲ್ಲ. ಊರ ಹೊರಗೆ ಇಟ್ಟಿಗೆ ಭಟ್ಟಿಯ ಹತ್ತಿರ ಮಾರುವವನಿಂದ ತಂದಿದ್ದ.

ಅಕ್ಕ ದಿನದಂತೆ ಕೇಳಿದಳು. “ಕುಡದೀಯೇನು?”

“ಹೌದಕ್ಕಾ.”

ಅವಳು ಕೈಯಲ್ಲಿದ್ದ ಗುಳಿಗೆಯನ್ನು ಮತ್ತೆ ಪೊಟ್ಟಣಕ್ಕೆ ಹಾಕಿದಳು. “ಹಂಗಾರ ನಂದೂ ಬ್ಯಾಡ,” ಅಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವನು ಮೋರೆ ಮುಚ್ಚಿಕೊಂಡು ಕೂತ. ಚಾಚಾ ಅವನ ಹೆಗಲ ಮೇಲೆ ಕೈಯಿಟ್ಟು ಬಸ್ಸಿಗೆ ಕರೆದೊಯ್ದರು. ಬೈಯಲಿಲ್ಲ. ಬೆಳಿಗ್ಗೆ ಅವನನ್ನು ಕೆಲಸಕ್ಕೆ ಹತ್ತಿಸಲೂ ಇಲ್ಲ. ತಾವೇ ಡಿಪೋಕ್ಕೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಬೇರೆ ಕಂಡಕ್ಟರನನ್ನು ಕಳಿಸಿ ಅಂದರು. ಆ ದಿನ ಬಸ್ಸು ತಡವಾಗಿ ಹೊರಟಿತು. ಸಂತೆಗೆ ಹೋಗುವವರು ಗೊಣಗಿದರು. ಚಾಚಾ ಸಿಂದಗಿಯಿಂದ ಅವನನ್ನು ವಿಜಯಪುರಕ್ಕೆ ಕರೆದೊಯ್ದು, ಡಾಕ್ಟರು ಹೇಳಿದ ಹಾಗೆ ಕುಡಿತ ಬಿಡಿಸುವ ಕೇಂದ್ರದಲ್ಲಿ ಸೇರಿಸಿದರು.

ಇತ್ತ ಅಕ್ಕ ಹಟ ಹಿಡಿದಳು. ನಾನು, ಆಶಾ ಕಾರ್ಯಕರ್ತೆ, ಪಕ್ಕದ ಅಜ್ಜ ಎಲ್ಲರೂ ಹೇಳಿದೆವು. ಚಾಚಾ ದಿನಾ ಸಂಜೆ ಬಂದು, “ಅವ ಅಲ್ಲಿ ತಗೊಳ್ಳಾಕತ್ತಾನ ತಂಗೀ, ನೀನೂ ತಗೋ,” ಅನ್ನುತ್ತಿದ್ದರು.

“ನೀವು ನೋಡೀರೇನು?”

“ಫೋನ್‌ನ್ಯಾಗ ಹೇಳ್ಯಾರ.”

“ನೋಡಿಲ್ಲಲ್ಲ?”

ಅವಳ ನಿದ್ದೆ ಕೆಡತೊಡಗಿತು. ಗೋಡೆಗೆ ಕಿವಿ ಹಚ್ಚುವುದನ್ನು ಮತ್ತೆ ಕಂಡೆ. ಒಂದು ದಿನ ಶಾಲೆಯಿಂದ ಬರುವಾಗ ಅವಳು ಪಕ್ಕದ ಮನೆಯವರ ಮೇಲೆ ಕೂಗಾಡುವುದು ದೂರದಿಂದಲೇ ಕೇಳಿಸಿತು. ಅವಳು ಚೆನ್ನಾಗಿದ್ದ ಆ ಎರಡು ತಿಂಗಳು ನಾನೂ ಹಗುರಾಗಿದ್ದೆ. ಅದನ್ನು ಕಳೆದುಕೊಳ್ಳಬೇಕಾಗುತ್ತದೆ ಅನ್ನುವುದೇ ಅವಳ ಕೂಗಾಟಕ್ಕಿಂತ ಹೆಚ್ಚು ಭಯ ತಂದಿತು. ಆಗ ಆಶಾ ಕಾರ್ಯಕರ್ತೆ ಒಂದು ಮಾತಂದಳು, “ಆಕಿ ನೋಡಬೇಕು ಅಂತಾಳಲ್ಲ, ಕರಕೊಂಡು ಹೋಗಿ ತೋರಸೂಣಲ್ಲ.”

ರವಿವಾರ ಭೇಟಿಗೆ ಬಿಡುತ್ತಾರೆ ಅಂತ ಚಾಚಾ ವಿಚಾರಿಸಿ ತಿಳಿದುಕೊಂಡರು. ತಮ್ಮ ವಾರದ ರಜೆ ಬದಲಿಸಿಕೊಂಡು ಬಂದರು. ಅಕ್ಕ ದವಾಖಾನೆಗೆ ಬಿಟ್ಟರೆ ಊರ ಹೊರಗೆ ಹೋಗಿ ಎಷ್ಟೋ ವರ್ಷವಾಗಿತ್ತು. ಬರುತ್ತಾಳೋ ಇಲ್ಲವೋ ಅಂದುಕೊಂಡಿದ್ದೆ. ನೋಡಿದರೆ ಅವಳು ನಸುಕಿನಲ್ಲೇ ಎದ್ದು ರೊಟ್ಟಿ ಬಡಿದು, ಶೇಂಗಾ ಚಟ್ನಿ ಕಟ್ಟಿ, ಹೊಸ ಸೀರೆ ಉಟ್ಟು ನನಗಿಂತ ಮೊದಲು ಕಟ್ಟೆಗೆ ಬಂದು ನಿಂತಿದ್ದಳು. ದೇವರ ಹಿಪ್ಪರಗಿಯಲ್ಲಿ ಬಸ್ಸು ನಿಂತಾಗ ಜನ ಗದ್ದಲ ಮಾಡುತ್ತ ಹತ್ತಿದರು. ಅವಳು ನನ್ನ ಕೈ ಹಿಡಿದುಕೊಂಡಳು, ಬಿಡಲಿಲ್ಲ.

ಕೇಂದ್ರ ವಿಜಯಪುರದ ಅಂಚಿಗಿತ್ತು. ಬೇವಿನ ಗಿಡದ ಕೆಳಗೆ ಸಿಮೆಂಟಿನ ಬೆಂಚು. ಕಂಡಕ್ಟರ್ ಬಂದ. ಸೊರಗಿದ್ದ, ಆದರೆ ಮುಖ ತಿಳಿಯಾಗಿತ್ತು. ನಮ್ಮನ್ನು ನೋಡಿ ಎಲ್ಲಿ ನಿಲ್ಲಬೇಕು ಅಂತ ತಿಳಿಯದೆ ದೂರವೇ ನಿಂತ.

“ಬಾ ಇಲ್ಲಿ,” ಅಂದಳು ಅಕ್ಕ. “ಗುಳಿಗಿ ತಗೊಳ್ಳಾಕತ್ತೀಯೇನು?”

“ಹೌದಕ್ಕಾ. ಬೇಕಾದ್ರ ಆ ಸಿಸ್ಟರ್‌ನ ಕೇಳ್ರಿ.”

ಅಕ್ಕ ನಿಜವಾಗಿಯೂ ಎದ್ದು ಹೋಗಿ ಸಿಸ್ಟರನ್ನು ಕೇಳಿ ಬಂದಳು. ಬಂದು ಬೆಂಚಿನ ಮೇಲೆ ಅವನ ಪಕ್ಕ ಕೂತಳು.

“ಅವತ್ತ ಯಾಕ ಕುಡದಿ?”

“ಅಮಾಸಿಗೆ ಹೆಂಡತಿ ಬರ್ತಾಳ ಅಂತ ತಿಳದಿದ್ದೆ. ಹೊಲದಾಗ ಬುತ್ತಿ ಬಿಚ್ಚಲಾರದ ಕುಂತಿದ್ದೆ. ಬರಲಿಲ್ಲ.”

ಅಕ್ಕ ಬುತ್ತಿಯ ಗಂಟನ್ನು ಮಡಿಲಿಗೆ ಎಳೆದುಕೊಂಡಳು. “ನನ್ನ ಗಂಡನೂ ಬರಲಿಲ್ಲ,” ಅಂದಳು. “ಎಷ್ಟ ಅಮಾಸಿ ಹೋದವೋ.”

ಅಲ್ಲಿಯವರೆಗೆ ಅವಳ ಬಾಯಲ್ಲಿ ಗಂಡನ ಮಾತು ನಾನು ಕೇಳಿರಲಿಲ್ಲ. ಟ್ರಂಕಿನ ಸಮೇತ ಇಳಿದ ದಿನವೂ ಏನೂ ಅಂದಿರಲಿಲ್ಲ. ಅವಳು ಕಾದಿದ್ದಳು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿದ್ದೆವು, ಒಂದೇ ಒಲೆಯ ಅಡುಗೆ ಉಣ್ಣುತ್ತಿದ್ದೆವು, ನಾನು ಕೇಳುತ್ತಿದ್ದುದು ಗುಳಿಗೆ ನುಂಗಿದೆಯಾ ಅಂತ ಮಾತ್ರ. ಚಾಚಾ ಎದ್ದು ಗೇಟಿನ ಕಡೆ ಹೋದರು. ಕಂಡಕ್ಟರ್ ಅತ್ತ. ಅಕ್ಕ ಅಳಲಿಲ್ಲ. ಬುತ್ತಿ ಬಿಚ್ಚಿ ಅವನ ಮುಂದಿಟ್ಟು, “ಉಣ್ಣು. ಚಟ್ನಿಗೆ ಖಾರ ಹೆಚ್ಚಾಗೇತಿ, ನೀರ ಜೋಡಿ ಉಣ್ಣು,” ಅಂದಳು.

ಹೊರಡುವಾಗ ಅವನು ಕೇಳಿದ, “ಅಕ್ಕಾ, ನೀವು ತಗೊಳ್ಳಾಕತ್ತೀರೇನು?” ಅವಳು ಬುತ್ತಿಯ ಬಟ್ಟೆ ಮಡಚಿಕೊಂಡು ಗೇಟಿನ ಕಡೆ ನಡೆದಳು. ಆ ಸಂಜೆ ಊರಿಗೆ ಮರಳಿದ ಮೇಲೆ ನಾನು ಏನೂ ಹೇಳದೆಯೇ ಗುಳಿಗೆಯ ಗೂಡಿಗೆ ಕೈ ಹಾಕಿದಳು.

ಈಗ ಅವನ ಕೆಲಸದ ಪ್ರಶ್ನೆ ಇತ್ತು. ಕೇಂದ್ರದಿಂದ ಬಂದ ಮೇಲೆ ಅವನನ್ನು ವಸ್ತಿ ಬಸ್ಸಿಗೆ ಹಾಕುವುದಿಲ್ಲ, ದೂರದ ಊರಿನ ರಾತ್ರಿ ಬಸ್ಸಿಗೆ ಹಾಕುತ್ತಾರೆ ಅಂತ ಚಾಚಾ ಸುದ್ದಿ ತಂದರು. ಗೊತ್ತಿಲ್ಲದ ಊರು, ಗೊತ್ತಿಲ್ಲದ ಜನ, ಬಸ್ ನಿಲ್ದಾಣದ ಸುತ್ತ ತಡರಾತ್ರಿಯವರೆಗೂ ತೆರೆದಿರುವ ಹೆಂಡದ ಅಂಗಡಿಗಳು. ಡಾಕ್ಟರು ಬೇಡ ಅಂದಿದ್ದರು. ಡಿಪೋದವರಿಗೆ ಹೇಳುವವರು ಯಾರು? ಚಾಚಾ ಒಬ್ಬರೇ ಹೇಳಿದರೆ ಜೊತೆಗಾರನ ಪರ ಮಾತಾಡುತ್ತಾನೆ ಅಂತಾರೆ.

ನಾವೇ ಹೋಗೋಣ ಅಂದ ಪಕ್ಕದ ಅಜ್ಜ. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ನಾನು, ಆಶಾ ಕಾರ್ಯಕರ್ತೆ, ಅಜ್ಜ ಮೂವರೂ ಸಿಂದಗಿಗೆ ಹೋಗುವ ಮಧ್ಯಾಹ್ನದ ಬಸ್ಸು ಹತ್ತಿದೆವು. ಬಸ್ಸು ಇನ್ನೇನು ಹೊರಡಬೇಕು, ಕಿರಾಣಿ ಅಂಗಡಿಯವ ಓಡಿ ಬಂದು ಹತ್ತಿದ.

“ನೀ ಎತ್ತ ಹೊಂಟಿ?” ಅಂದ ಅಜ್ಜ.

“ನೀವು ಹೊಂಟಲ್ಲೆ.”

“ನೀ ಬಂದು ಏನು ಹೇಳಾಂವ?”

“ನಾ ಕೊಟ್ಟಿಲ್ಲ ಅಂತ ಹೇಳ್ತೇನಿ,” ಅಂದು ಕಿಡಕಿಯ ಹೊರಗೆ ನೋಡಿದ.

ಡಿಪೋದ ಸಾಹೇಬರು ನಾಲ್ವರನ್ನು ನೋಡಿದ ಕೂಡಲೇ ಕುರ್ಚಿಯಲ್ಲಿ ನೆಟ್ಟಗಾದರು. “ಗೊತ್ತಾತ್ರಿ. ಬಸ್ ಲೇಟ್ ಬರತೈತಿ, ಅದಕ್ಕ ಬಂದೀರಿ.”

“ಇಲ್ರೀ ಸಾಹೇಬ್ರ,” ಅಂದ ಅಜ್ಜ. “ಬಸ್ ಬರೋಬರಿ ಬರತೈತಿ. ನಮ್ಮ ಕಂಡಕ್ಟರ್ ಬರವಲ್ಲ.”

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತಾಯಿತು. ಊರವರು ಕಂಡಕ್ಟರ್ ಬೇಡ ಅಂತ ಬಂದದ್ದುಂಟಂತೆ, ಬೇಕು ಅಂತ ಬಂದದ್ದು ಕಂಡಿರಲಿಲ್ಲವಂತೆ. ನಾನು ಕಟ್ಟೆಯ ವಿಷಯ ಹೇಳಿದೆ. ಆಶಾ ಕಾರ್ಯಕರ್ತೆ ಡಾಕ್ಟರು ಹೇಳಿದ್ದನ್ನು ಹೇಳಿದಳು. ಕಿರಾಣಿ ಅಂಗಡಿಯವ ನಿಂತುಕೊಂಡು, “ಸಾಹೇಬ್ರ, ನಮ್ಮ ಊರಾಗ ಅವಗ ಯಾರೂ ಕೊಡಂಗಿಲ್ಲ. ಭಟ್ಟಿಯವಗೂ ನಾ ಹೇಳೇನಿ,” ಅಂದ. ಸಾಹೇಬರು ಅವನನ್ನು ಮೇಲಿನಿಂದ ಕೆಳಗೆ ನೋಡಿದರು, ನೀನು ಯಾರು ಅಂತ ಮಾತ್ರ ಕೇಳಲಿಲ್ಲ.

“ನಿಯಮ ಐತ್ರಿ,” ಅಂದರು ಕಡೆಗೆ. “ಡಾಕ್ಟರ್ ಫಿಟ್ ಅಂತ ಬರದು ಕೊಡೂತನಕ ಡಿಪೋದಾಗ ಕುಂದ್ರಸ್ತೇನಿ. ಬರದು ಕೊಟ್ರ ನಿಮ್ಮ ಊರಿಗೇ ಕಳಸ್ತೇನಿ. ಮತ್ತ ಕುಡದು ಬಂದ್ರ ನನ್ನ ಕೈಯಾಗ ಏನೂ ಇಲ್ಲ.”

ಹೋಳಿ ಹುಣ್ಣಿಮೆಯ ಆಸುಪಾಸು ಅವನು ಮತ್ತೆ ನಮ್ಮ ಬಸ್ಸಿಗೆ ಬಂದ. ಅಂದು ಕಟ್ಟೆಯ ಮೇಲೆ ಯಾರೂ ದೊಡ್ಡ ಮಾತೇನೂ ಆಡಲಿಲ್ಲ. ಅಕ್ಕ ಕೇಳುವುದನ್ನು ಕೇಳಿದಳು, ಅವನು ಇಲ್ಲ ಅಂದ, ಇಬ್ಬರೂ ನೀರು ಕುಡಿದರು.

ಅವನ ಹೆಂಡತಿ ಬಂದದ್ದು ಆಮೇಲೆ. ಯಾರಿಗೂ ಹೇಳದೆ ಸಿಂದಗಿಯಲ್ಲಿ ಎರಡು ಮಕ್ಕಳೊಂದಿಗೆ ವಸ್ತಿ ಬಸ್ಸು ಹತ್ತಿದ್ದಳು. ಅವನು ಟಿಕೆಟ್ ಕೊಡುತ್ತ ಬಂದು, ಮುಖ ನೋಡದೆಯೇ “ಎಲ್ಲಿಗ್ರಿ?” ಅಂದನಂತೆ. “ನೀ ದಿನಾ ಎಲ್ಲಿ ಹೋಗ್ತಿ ಅಲ್ಲಿಗೆ,” ಅಂದಳಂತೆ ಅವಳು. ಇದನ್ನು ಚಾಚಾ ನನಗೆ ಹೇಳಿದ್ದು, ಕಡಿಮೆಯೆಂದರೂ ಐದಾರು ಸಲ ಹೇಳಿದ್ದಾರೆ. ಅವಳು ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ನೋಡಿದಳು. ಅಕ್ಕ ರೊಟ್ಟಿ ಹಾಕುತ್ತ, “ಅಮಾಸಿಗೆ ಬರಲಾರದಾಕಿ ನೀನಽ ಏನು?” ಅಂದುಬಿಟ್ಟಳು. ನನಗೆ ನಾಚಿಕೆಯಾಯಿತು. ಆ ಹೆಣ್ಣುಮಗಳು ಮೊದಲು ಗಾಬರಿಯಾಗಿ, ಆಮೇಲೆ ನಕ್ಕಳು. “ಹೌದ್ರಿ ಅಕ್ಕಾ, ನಾನ. ಅವತ್ತ ಧೈರ್ಯ ಬರಲಿಲ್ಲ,” ಅಂದಳು. ರಾತ್ರಿ ನಮ್ಮಲ್ಲೇ ಮಲಗಿ ಬೆಳಿಗ್ಗೆ ಮುದ್ದೇಬಿಹಾಳಕ್ಕೆ ಮರಳಿದಳು. ಕೂಡಲೇ ಗಂಡನ ಹತ್ತಿರ ಬರಲಿಲ್ಲ. ಮಕ್ಕಳ ಪರೀಕ್ಷೆ ಮುಗಿದು ಬೇಸಿಗೆ ರಜೆ ಬಂದ ಮೇಲೆ ಬಂದಳು. ಅದೇ ಸರಿ ಅಂತ ನನಗೂ ಅನ್ನಿಸಿತ್ತು.

ಅಷ್ಟರಲ್ಲಿ ಊರಿನ ಇತರರೂ ಕಟ್ಟೆಯ ಕಡೆ ಬರತೊಡಗಿದ್ದರು. ಮೊದಲು ಬಂದವನು ಕುರಿ ಕಾಯುವ ಮನೆಯ ಒಬ್ಬ ಗಂಡಸು. ಕಂಬಳಿ ಹೊದ್ದು ಬಸ್ಸಿನ ಹಿಂದೆ ನಿಂತಿದ್ದ. “ಆ ಡಾಕ್ಟರ್ ಬರೂ ದಿನ ಯಾವಾಗ್ರಿ? ನನ್ನೂ ಕರಕೊಂಡು ಹೋಗ್ತೀರೇನು?” ಅಂತ ಚಾಚಾನನ್ನು ಕೇಳಿದ. ಆಮೇಲೆ ಒಬ್ಬಳು ತಾಯಿ ತನ್ನ ಮಗಳನ್ನು ಕರೆತಂದಳು. ಆ ಹುಡುಗಿ ಹೆರಿಗೆಯಾದ ಮೇಲೆ ಮಾತು ಬಿಟ್ಟಿದ್ದಳು. ಡಾಕ್ಟರು ಬರುವ ದಿನ ಬಸ್ಸಿನ ಮುಂದಿನ ಸೀಟುಗಳನ್ನು ಇವರಿಗೆ ಬಿಡಬೇಕು ಅನ್ನುವುದು ಯಾರೂ ಹೇಳದೆಯೇ ರೂಢಿಯಾಯಿತು. ಒಬ್ಬೊಬ್ಬರೇ ಹೋಗುವಾಗ ಮುಖ ಮರೆಸಿಕೊಂಡು ಹೋಗುತ್ತಿದ್ದವರು ಕೂಡಿ ಹೋಗುವಾಗ ಬುತ್ತಿ ಕಟ್ಟಿಕೊಂಡು ಹೋದರು. ಎಲ್ಲರೂ ಆರಾಮಾದರು ಅಂತ ಹೇಳಲಾರೆ. ಕುರಿಯವ ಕುಡಿತವನ್ನು ಎರಡು ಸಲ ಬಿಟ್ಟು ಎರಡು ಸಲ ಹಿಡಿದ. ಈಗ ಮೂರನೆಯ ಸಲ ಬಿಟ್ಟಿದ್ದಾನೆ. ಕಿರಾಣಿ ಅಂಗಡಿಯವ ಮಾರುವುದನ್ನು ಪೂರ್ತಿ ನಿಲ್ಲಿಸಿಲ್ಲ. ಯಾರಿಗೆ ಕೊಡಬಾರದು ಅಂತ ಮನೆಯವರು ಬಂದು ಹೇಳಿದರೆ ಅವರಿಗೆ ಕೊಡುವುದಿಲ್ಲ. ಇದರ ಬಗ್ಗೆ ಅವನಿಗೂ ನನಗೂ ಇನ್ನೂ ಜಗಳ ನಡೆದಿದೆ.

ಹೋದ ಮಳೆಗಾಲದಲ್ಲಿ ಅಕ್ಕನಿಗೆ ಮತ್ತೆ ಕೆಟ್ಟಿತು. ಗುಳಿಗೆ ತಪ್ಪಿಸಿರಲಿಲ್ಲ, ಆದರೂ ಆಯಿತು. ಹೀಗೂ ಆಗುತ್ತದೆ, ಯಾರ ತಪ್ಪೂ ಅಲ್ಲ ಅಂತ ಡಾಕ್ಟರು ಗುಳಿಗೆ ಬದಲಿಸಿದರು. ಆ ವಾರಗಳಲ್ಲಿ ನಾನು ಶಾಲೆಗೆ ಹೋದಾಗ ಅವಳ ಹತ್ತಿರ ಯಾರಾದರೂ ಕೂತಿರುತ್ತಿದ್ದರು. ಹೆರಿಗೆಯ ನಂತರ ಮಾತು ಬಿಟ್ಟಿದ್ದ ಆ ಹುಡುಗಿಯೇ ಹೆಚ್ಚು ಬರುತ್ತಿದ್ದಳು, ಕೂಸನ್ನು ಎತ್ತಿಕೊಂಡು. ಮೊದಲಿನ ಹಾಗೆ ನಾನು ಒಬ್ಬಳೇ ಬಾಗಿಲು ಹಾಕಿಕೊಂಡು ಅಳಲಿಲ್ಲ.

ಚಾಚಾ ನಿವೃತ್ತರಾದರು. ಕಂಡಕ್ಟರನಿಗೆ ಇಂಡಿ ಡಿಪೋಕ್ಕೆ ವರ್ಗವಾಯಿತು. ಮನೆಯಿಂದಲೇ ಓಡಾಡುವ ಕೆಲಸ. ಈ ಬೇಸಿಗೆಯಲ್ಲಿ ಅವನು ಹೊರ್ತಿಯಲ್ಲಿ ಹೊಸ ಮನೆ ಕಟ್ಟಿಸಿ ಗೃಹಪ್ರವೇಶದ ಶಾಂತಿಗೆ ನಮ್ಮನ್ನೆಲ್ಲ ಕರೆದ. ಚಾಚಾನ ಮಗ ಗಾಡಿ ತಂದಿದ್ದ, ನಾನು, ಅಕ್ಕ, ಚಾಚಾ ಕೂಡಿ ಹೋದೆವು. ದಾರಿಯ ಎರಡೂ ಬದಿಗೆ ಲಿಂಬೆ ತೋಟಗಳು. ಅಕ್ಕ ಕಿಡಕಿಯ ಗಾಜು ಪೂರ್ತಿ ಇಳಿಸಿ ಕೂತಿದ್ದಳು. ಕಂಡಕ್ಟರನ ಹೆಂಡತಿ ಬಾಗಿಲಿಗೇ ಬಂದು ಅಕ್ಕನ ಕೈ ಹಿಡಿದು ಒಳಗೆ ಕರೆದೊಯ್ದಳು.

ಊಟಕ್ಕೆ ಕೂಡುವ ಮುಂಚೆ ಅವರ ನೆಂಟರ ಪೈಕಿ ಒಬ್ಬ ಹೆಂಗಸು ಅಕ್ಕನ ಪಕ್ಕ ಬಂದು ಕೂತಳು. ಗುರುತಿಲ್ಲ. ಮಗನ ವಿಷಯ ಹೇಳಿಕೊಂಡಳು. ಕುಡಿಯುತ್ತಾನೆ, ಹೊಡೆಯುತ್ತಾನೆ, ಆಮೇಲೆ ಕೂತು ಅಳುತ್ತಾನೆ. ಈ ಮನೆಯವ ಬಿಟ್ಟದ್ದು ಹೇಗೆ ಅಂತ ಕೇಳಿದರೆ ನಿಮ್ಮನ್ನು ತೋರಿಸಿದರು ಅಂದಳು. ನಾನು ಉತ್ತರ ಕೊಡಲು ಬಾಯಿ ತೆರೆದೆ. ಚಾಚಾ ಸುಮ್ಮನಿರು ಅನ್ನುವ ಹಾಗೆ ಕಣ್ಣು ಮಾಡಿದರು.

“ದವಾಖಾನಿಗೆ ಕರಕೊಂಡು ಹೋಗ್ರಿ,” ಅಂದಳು ಅಕ್ಕ. “ಒಬ್ಬಾಕೇ ಹೋಗಬ್ಯಾಡ್ರಿ. ನಿಮ್ಮ ಓಣ್ಯಾಗ ಯಾರರ ಇಬ್ಬರನ್ನ ಜೋಡಿ ಮಾಡ್ಕೋರಿ.”

“ಎಷ್ಟ ದಿನಕ್ಕ ಆರಾಮ ಆಗತೈತ್ರಿ?”

“ನನಗ ಗೊತ್ತಿಲ್ಲವ್ವ,” ಅಂದಳು ಅಕ್ಕ. “ನಾ ಇನ್ನೂ ತಗೊಳ್ಳಾಕತ್ತೇನಿ.”

ಆ ಹೆಂಗಸು ಅವಳನ್ನು ಹೊಸದಾಗಿ ನೋಡುವ ಹಾಗೆ ನೋಡಿದಳು. ಆಮೇಲೆ ಇಬ್ಬರೂ ಬಹಳ ಹೊತ್ತು ಮಾತಾಡಿದರು, ನಾನು ದೂರ ಕೂತದ್ದರಿಂದ ಕೇಳಿಸಲಿಲ್ಲ. ಒಳಗಿನಿಂದ ಊಟಕ್ಕೆ ಕರೆದರು. ಅಕ್ಕ ಆ ಹೆಂಗಸನ್ನು ತನ್ನ ಸಾಲಿನಲ್ಲೇ ಕೂಡಿಸಿಕೊಂಡಳು.